ಬೆಳ್ಳಿ ಬರತೈತಿ

ಸೋಮವಾರ ರದ್ದಿ ಹಾಕಲು ಹೋದವನು ಒಂದು ಚೀಲ ವಾಪಸ್ ತಂದೆ. ಮನೆಯಲ್ಲಿ ಇನ್ನೂ ಅದೇ ಮಾತು.

ಗದಗಿನ ನಮ್ಮ ಓಣಿಯ ರದ್ದಿಯವ ಪೇಪರು ತೂಗಿ ಮುಗಿಸಿ, ಚೀಲದಲ್ಲಿದ್ದ ದೊಡ್ಡ ಲಕೋಟೆಗಳಿಗೆ ಕೈ ಹಾಕಿದ. ಅಪ್ಪನ ಎಕ್ಸ್‌ರೇಗಳು.

"ಇವನ್ನೂ ಕೊಡ್ರಿ ಸರ್, ಬೆಳ್ಳಿ ಬರತೈತಿ."

"ಮತ್ತ ಚಿತ್ರ?"

"ಚಿತ್ರ ತಗೊಂಡ್ ಏನ್ ಮಾಡೂದೈತ್ರಿ? ತೊಳದ್ರ ಬರೇ ಪ್ಲಾಸ್ಟಿಕ್ ಉಳಿತೈತಿ."

ಒಳ್ಳೆಯ ಮನುಷ್ಯ, ತಕ್ಕಡಿಯಲ್ಲಿ ಮೋಸವಿಲ್ಲ. ಆದರೆ ಹಿಂದಿನ ರಾತ್ರಿಯಷ್ಟೇ ನಾನು 'ವಸಂತಸೇನಾ' ಮೂಕಿ ಚಿತ್ರದ ಬಗ್ಗೆ ಓದಿ ಮಲಗಿದ್ದೆ. ಶೂದ್ರಕನ 'ಮೃಚ್ಛಕಟಿಕ' ನಾಟಕವನ್ನು ಮೋಹನ ಭವನಾನಿ 1930ರ ಸುಮಾರಿಗೆ ತೆರೆಗೆ ತಂದದ್ದು. ನಟಿಸಿದವರು ಏಣಾಕ್ಷಿ ರಾಮರಾವ್, ಕಮಲಾದೇವಿ ಚಟ್ಟೋಪಾಧ್ಯಾಯ, ಮೇಲೆ ನಾಟಕಕಾರ ಟಿ.ಪಿ. ಕೈಲಾಸಂ! ಮಾತೇ ಬಂಡವಾಳವಾದ ಕೈಲಾಸಂರನ್ನು ಮೂಕಿಯಲ್ಲಿ ನಿಲ್ಲಿಸಿದವರ ಎದೆಗಾರಿಕೆ ದೊಡ್ಡದು. ಹೇಗೆ ಮಾಡಿದ್ದರೋ, ಪ್ರತಿಯೇ ಉಳಿದಿಲ್ಲ. 1931ರಲ್ಲಿ ಭಾರತದ ಮೊದಲ ಟಾಕಿ 'ಆಲಂ ಆರಾ' ಮಾತಾಡಿದ್ದೇ ತಡ, ಮೂಕಿಗಳನ್ನು ಕೇಳುವವರಿಲ್ಲದಾಯಿತು. ಆಗಿನ ನೈಟ್ರೇಟ್ ಫಿಲ್ಮು ಕಿಡಿ ತಾಗಿದರೆ ಭಗ್ಗನೆ ಉರಿಯುವಂಥದ್ದು. ಸುಟ್ಟು ಹೋದವು ಎಷ್ಟೋ, ಡಬ್ಬಿಯಲ್ಲೇ ಕೊಳೆತವು ಎಷ್ಟೋ, ಬೆಳ್ಳಿಗಾಗಿ ತೊಳೆಸಿಕೊಂಡವು ಎಷ್ಟೋ. ಫಿಲ್ಮಿನ ಮೇಲಿನ ಕಪ್ಪೇ ಬೆಳ್ಳಿಯಂತೆ. ಮಾತಾಡಿದ 'ಆಲಂ ಆರಾ'ನೂ ಈಗಿಲ್ಲ, ಕನ್ನಡದ ಮೊದಲ ಟಾಕಿ, ನಮ್ಮ 1934ರ 'ಸತಿ ಸುಲೋಚನಾ'ನೂ ಇಲ್ಲ.

ಚಿತ್ರ ತಗೊಂಡ್ ಏನ್ ಮಾಡೂದೈತ್ರಿ?

ಅಪ್ಪ ಜಾತ್ರೆ ನಾಟಕಗಳಲ್ಲಿ ಹೆಣ್ಣು ಪಾತ್ರ ಹಾಕುತ್ತಿದ್ದರು. ಒಂದು ಫೋಟೋ ಇಲ್ಲ. ಅವ್ವ ಹೇಳಿದ್ದಷ್ಟೇ: ಇಳಕಲ್ ಸೀರೆ ಆಕೆಯದೇ, ನಾಟಕ ಮುಗಿದ ಮೇಲೆ ಸೆರಗಿಗೆಲ್ಲ ಬಣ್ಣ ಹತ್ತಿರುತ್ತಿತ್ತು, ಜಗಳ. ಅಪ್ಪನ ದನಿ ನನ್ನ ತಮ್ಮನಿಗೆ ನೆನಪೇ ಇಲ್ಲ. ಉಳಿದದ್ದು ಕೆಮ್ಮು ಬಿಡದಾದಾಗ ತೆಗೆಸಿದ ಎದೆಗೂಡು.

'ಮೃಚ್ಛಕಟಿಕ'ದಲ್ಲಿ ಚಾರುದತ್ತನ ಮಗ ಬಂಗಾರದ ಬಂಡಿ ಬೇಕೆಂದು ಅಳುತ್ತಾನೆ. ವಸಂತಸೇನೆ ಮೈಮೇಲಿನ ಒಡವೆ ಬಿಚ್ಚಿ ಅವನ ಮಣ್ಣಿನ ಬಂಡಿಗೆ ತುಂಬುತ್ತಾಳೆ. ರದ್ದಿ ಅಂಗಡಿಯಲ್ಲಿ ನಿಂತವನಿಗೆ ಇದೆಲ್ಲ ಯಾಕೆ ನೆನಪಾಗಬೇಕು?

ಲಕೋಟೆ ಕಸಗೊಂಡೆ. ರೇಟು ಏರಿಸಲು ನೋಡುತ್ತಿದ್ದೇನೆ ಅಂದುಕೊಂಡಿರಬೇಕು, "ಕಿಲೋಕ್ಕ ಇನ್ನ ಇಪ್ಪತ್ತ ಹಾಕತೇನ್ರಿ" ಅಂದ.

"ಇವನ್ನ ಇಟಗೊಂಡ್ ಏನ್ ಮಾಡ್ತೀರಿ?" ಇದು ಮನೆಯಾಕೆ. ಉತ್ತರ ನನ್ನಲ್ಲೂ ಇಲ್ಲ. ಕಿಟಕಿಗೆ ಒಂದನ್ನು ಹಿಡಿದು ನೋಡಿದೆ. ಮೂಲೆಯಲ್ಲಿ ಅಪ್ಪನ ಹೆಸರು, ಒಂದಕ್ಷರ ತಪ್ಪು. ವಯಸ್ಸು 71.