ಒದ್ದೆ ಬಟ್ಟೆಯಲ್ಲಿ ಒರೆಸಿದ ಹಾಗೆ

ಸಮುದ್ರದ ತಳ ನೋಡುವುದು ನನ್ನ ಕೆಲಸ ಅಂದರೆ ಅಮ್ಮ ಈಗಲೂ ನಾನು ಮುಳುಗು ಹಾಕ್ತೀನಿ ಅಂದುಕೊಂಡಿದ್ದಾರೆ. ನಾನು ಕೂರುವುದು ಸರ್ವೆ ಹಡಗಿನ ಎಸಿ ಕೋಣೆಯಲ್ಲಿ, ಆರಿದ ಟೀ ಇಟ್ಟುಕೊಂಡು. ಹಡಗಿನಡಿಯ ಪ್ರೊಫೈಲರ್, ಅಂದರೆ ಸದ್ದು ಕಳಿಸಿ ತಳದ ಪದರ ನೋಡುವ ಯಂತ್ರ, 3.5 ಕಿಲೋಹರ್ಟ್ಜ್‌ನಲ್ಲಿ ಹಕ್ಕಿಮರಿಯಂತೆ ಚಿಂವ್ ಚಿಂವ್ ಅನ್ನುತ್ತಲೇ ಇರುತ್ತದೆ. ನಿದ್ದೆಯಲ್ಲೂ ಅದೇ.

ಆ ಸದ್ದು ಕೆಸರಿಗಿಳಿದು, ಪ್ರತಿ ಪದರಕ್ಕೂ ತಾಗಿ ವಾಪಸ್ ಬರುತ್ತದೆ. ಸ್ಕ್ರೀನಿನಲ್ಲಿ ಚಿರೋಟಿಯ ಎಳೆಗಳ ಹಾಗೆ ಕಾಣುತ್ತದೆ. ಇದ್ದಕ್ಕಿದ್ದಂತೆ ಒಂದು ಕಡೆ ಎಳೆಗಳೆಲ್ಲ ಮಾಯ. ಯಾರೋ ಒದ್ದೆ ಬಟ್ಟೆಯಲ್ಲಿ ಒರೆಸಿದ ಹಾಗೆ ಮಸುಕು. ಗ್ಯಾಸ್! ಕೆಸರಿನಲ್ಲಿ ನೂರಕ್ಕೆ ಒಂದೆರಡು ಪಾಲು ಗುಳ್ಳೆ ಇದ್ದರೂ ಸಾಕು, ಸದ್ದನ್ನು ಚದುರಿಸಿ ನುಂಗಿಬಿಡುತ್ತದೆ. ನಮ್ಮ ಪಶ್ಚಿಮ ಕರಾವಳಿಯಾಚೆಯ ಕೆಸರಿನಲ್ಲೂ ಇಂಥ ಮಸುಕು ಸಿಗುತ್ತದೆ.

ಇನ್ನೂ ಆಳಕ್ಕೆ, ಒತ್ತಿಟ್ಟ ಗಾಳಿ ಸಿಡಿಸಿ ಸದ್ದು ಮಾಡುವ ಏರ್‌ಗನ್ ಬೇಕು. ಅಲ್ಲಿ ಮರಳಿನಲ್ಲಿ ಗ್ಯಾಸ್ ಇದ್ದರೆ ಕಥೆ ಉಲ್ಟಾ. ಗೆರೆ ಫಳಫಳ ಹೊಳೆಯುತ್ತದೆ, ವಾಪಸ್ ಬಂದ ಸದ್ದಿನ ಅಲೆ ತಲೆಕೆಳಗಾಗಿರುತ್ತದೆ. ನಾವು ಬ್ರೈಟ್ ಸ್ಪಾಟ್ ಅನ್ನುತ್ತೇವೆ. ಆದರೆ ಕಲ್ಲಿದ್ದಲ ಪದರವೂ ಹಾಗೇ ಹೊಳೆದು ಮೋಸ ಮಾಡುತ್ತದೆ!

ಇಷ್ಟೆಲ್ಲ ಯಾಕೆ ಅಂತೀರಾ? ಸಮುದ್ರದ ತಳದಲ್ಲಿ ತೈಲ ಬಾವಿ ಕೊರೆಯಲು ಶುರುಮಾಡಿದಾಗ, ಗ್ಯಾಸ್ ತಡೆಯುವ ದೊಡ್ಡ ವಾಲ್ವ್ ಸಾಮಾನ್ಯವಾಗಿ ಇನ್ನೂ ಕೂರಿಸಿರುವುದಿಲ್ಲ. 1985ರ ಅಕ್ಟೋಬರ್ 6ರಂದು ನಾರ್ವೆಯಾಚೆ ವೆಸ್ಟ್ ವ್ಯಾನ್‌ಗಾರ್ಡ್ ರಿಗ್‌ಗೆ ಮೇಲ್ಪದರದ ಗ್ಯಾಸ್ ನುಗ್ಗಿ ಸ್ಫೋಟವಾಯಿತು. ಒಬ್ಬರು ತೀರಿಹೋದರು.

ಹೋದ ಟ್ರಿಪ್ಪಿನಲ್ಲಿ ಬಾವಿಯ ಜಾಗದಲ್ಲೇ ಒಂದು ಮಸುಕು ಸಿಕ್ಕಿತು. “ಗ್ಯಾಸೇ ಅಂತ ಗ್ಯಾರಂಟಿನಾ?” ಅಂದರು ಕ್ಲೈಂಟ್ ಕಡೆಯವರು. “ಇಲ್ಲ ಸಾರ್” ಅಂದೆ. ಸುಮ್ನೆ ನಕ್ಷೆ ನೋಡಿದರು. ಬಾವಿಯನ್ನು 400 ಮೀಟರ್ ಪಕ್ಕಕ್ಕೆ ಸರಿಸಿದರು.