ಕೊಡಗಿಗೆ ಹಸಿರು ಕಪ್ಪೆ ನೋಡಲು ಹೋಗ್ತೀರಾ? ಡಬ್ಬಿಯೊಳಗಿನ ಕಪ್ಪೆಗೆ ದುಡ್ಡು ಕೊಡಬೇಡಿ

ನಾನು ಮತ್ತು ನನ್ನ ತಮ್ಮ ಆಗಸ್ಟ್ ಮೊದಲ ವಾರ ಕೊಡಗಿಗೆ ಹೋಗಿದ್ದೆವು. ಹೋಗಲು ಕಾರಣ ಒಂದು ಫೋಟೋ. ತೆಳ್ಳಗಿನ ಹಸಿರು ದಂಟಿನ ತುದಿಯಲ್ಲಿ ಹೆಬ್ಬೆಟ್ಟಿನಷ್ಟು ಹಸಿರು ಕಪ್ಪೆ, ಪಕ್ಕದಲ್ಲೇ ಕೆಂಪು ಹೂವು, ಮೇಲೆಲ್ಲಾ ಮಳೆಹನಿ. ಇಂಥ ಫೋಟೋಗಳನ್ನು ನೀವೂ ನೋಡಿರುತ್ತೀರಿ. ಆ ಫೋಟೋ ಹೇಗೆ ತೆಗೆಯುತ್ತಾರೆ ಅನ್ನುವುದು ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು. ಅದನ್ನು ಹೇಳಬೇಕು ಅಂತಲೇ ಬರೆಯುತ್ತಿದ್ದೇನೆ.

ಮೊದಲ ರಾತ್ರಿ ಮಡಿಕೇರಿಯಲ್ಲಿ ಉಳಿದೆವು. ರೂಮಿಗೆ 4,200 ರೂಪಾಯಿ. ಹಾಸಿಗೆ ಮುಟ್ಟಿದರೆ ತಣ್ಣಗೆ, ಹೊದಿಕೆಯಲ್ಲಿ ಬೂಷ್ಟಿನ ವಾಸನೆ. ಸಂಜೆ ಏಳಕ್ಕೆ ಹೋದ ಕರೆಂಟು ಬೆಳಿಗ್ಗೆವರೆಗೂ ಬರಲಿಲ್ಲ. ಜನರೇಟರ್ ಇದೆ ಅಂದಿದ್ದರು, ಆದರೆ ಅದು ಕೌಂಟರಿನ ದೀಪಕ್ಕೆ ಮಾತ್ರ. ಮಳೆಗಾಲದಲ್ಲಿ ಕೊಡಗಿನಲ್ಲಿ ಕರೆಂಟು ಹೋಗುವುದು ಮಾಮೂಲು, ಅದು ಯಾರ ತಪ್ಪೂ ಅಲ್ಲ. ಆದರೆ ಬಿಸಿನೀರಿಗೆ ಸೌದೆ ಒಲೆ ಇದೆಯಾ ಅಂತ ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. ಒಲೆ ಇರುವ ಮನೆಯಲ್ಲಿ ಬಟ್ಟೆಯೂ ಒಣಗುತ್ತದೆ.

ಆ ಲಾಡ್ಜಿನವರೇ ರಾತ್ರಿ ಕಪ್ಪೆ ನೋಡುವ ನಡಿಗೆಗೆ ಹೆಸರು ಬರೆಸಿಕೊಂಡರು. ತಲೆಗೆ 1,500 ರೂಪಾಯಿ. ಒಟ್ಟು ಎಂಟು ಜನ, ಐವರ ಕೈಯಲ್ಲಿ ದೊಡ್ಡ ಕ್ಯಾಮೆರಾ. ಜೀಪಿನಲ್ಲಿ ಅರ್ಧ ಗಂಟೆ ಹೋಗಿ ಒಂದು ತೋಟದ ಅಂಚಿನಲ್ಲಿ ಇಳಿದೆವು. ಅಲ್ಲಿ ಬೇಲಿ ಮೇಲೆ ಗೌರಿ ಹೂವಿನ ಬಳ್ಳಿ ಹಬ್ಬಿತ್ತು. ಸಣ್ಣ ದಂಟು, ಎಲೆಯ ತುದಿಯೇ ಸುರುಳಿಯಾಗಿ ಸಿಕ್ಕಿದ್ದನ್ನು ಹಿಡಿದುಕೊಳ್ಳುತ್ತದೆ. ಕೆಂಪು ಹಳದಿ ಎಸಳು ಬೆಂಕಿಯ ಹಾಗೆ ಮೇಲಕ್ಕೆ ಎದ್ದಿರುತ್ತದೆ. ಕೊಡವರು ಇದಕ್ಕೆ ತೋಕ್ ಪೂ, ಅಂದರೆ ಕೋವಿ ಹೂವು ಅನ್ನುತ್ತಾರೆ. ಸೆಪ್ಟೆಂಬರ್ ಮೊದಲಲ್ಲಿ ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ಈ ಹೂವು ಮುಡಿಸುತ್ತಾರೆ. ಗಿಡದ ಗೆಡ್ಡೆ ವಿಷ. ಮಕ್ಕಳ ಜೊತೆ ಹೋಗುವವರು ನೆನಪಿಟ್ಟುಕೊಳ್ಳಿ.

ಕರೆದುಕೊಂಡು ಹೋದ ಹುಡುಗ ಬ್ಯಾಗಿನಿಂದ ಒಂದು ಪ್ಲಾಸ್ಟಿಕ್ ಡಬ್ಬಿ ತೆಗೆದ. ಅದರೊಳಗೆ ಕಪ್ಪೆ ಇತ್ತು. ಅದನ್ನು ಎರಡು ಬೆರಳಲ್ಲಿ ಹಿಡಿದು ಗೌರಿ ಹೂವಿನ ದಂಟಿನ ಮೇಲೆ ಕೂರಿಸಿದ. ಸ್ಪ್ರೇ ಬಾಟಲಿಯಿಂದ ನೀರು ಹೊಡೆದ. ಐದು ಫ್ಲ್ಯಾಶ್ ಒಟ್ಟಿಗೆ ಮಿಂಚಿದವು. ಕಪ್ಪೆ ಹಾರಿತು, ಮತ್ತೆ ಹಿಡಿದು ತಂದ. ಹೀಗೆ ನಾಲ್ಕು ಸಲ ಕೂರಿಸಿದ. ನಾಲ್ಕನೇ ಸಲ ಅದು ಹಾರಲೇ ಇಲ್ಲ. ಬಣ್ಣವೂ ಮಂಕಾಗಿತ್ತು. ನನ್ನ ತಮ್ಮ ‘ಸಾಕು ಬಿಡಪ್ಪ ಅದನ್ನ’ ಅಂದ. ಆ ಹುಡುಗ ಬೇಜಾರು ಮಾಡಿಕೊಳ್ಳದೆ ಹೇಳಿದ, ‘ಅಣ್ಣ, ಹುಡುಕ್ತಾ ಕೂತ್ರೆ ಎರಡು ಗಂಟೆ ಬೇಕು. ಬಂದವರಿಗೆ ಹದಿನೈದು ನಿಮಿಷದಲ್ಲಿ ಫೋಟೋ ಆಗ್ಬೇಕು.’ ತಪ್ಪು ಅವನೊಬ್ಬನದೇ ಅಂತ ನನಗೆ ಅನಿಸಲಿಲ್ಲ. ಅಂಥ ಫೋಟೋ ಬೇಕು ಅಂತ ದುಡ್ಡು ಕೊಟ್ಟವರಲ್ಲಿ ನಾನೂ ಒಬ್ಬಳು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಕಪ್ಪೆಯ ಚರ್ಮ ನಮ್ಮ ಚರ್ಮದ ಹಾಗಲ್ಲ. ಅದು ಚರ್ಮದಿಂದಲೇ ನೀರು ಹೀರುತ್ತದೆ, ಉಸಿರಾಟವೂ ಸ್ವಲ್ಪ ಮಟ್ಟಿಗೆ ಚರ್ಮದಿಂದಲೇ. ಸೊಳ್ಳೆ ಕ್ರೀಮು ಹಚ್ಚಿದ, ಜಿಗಣೆಗೆ ಅಂತ ಉಪ್ಪು ಮುಟ್ಟಿದ ಕೈಯಲ್ಲಿ ಅದನ್ನು ಹಿಡಿದರೆ ಏನಾಗಬೇಕು ಹೇಳಿ. ನೀವು ಯಾವ ನಡಿಗೆಗೆ ಹೋದರೂ ಮೊದಲು ಒಂದೇ ಪ್ರಶ್ನೆ ಕೇಳಿ: ಕಪ್ಪೆಯನ್ನು ಮುಟ್ಟುತ್ತೀರಾ? ಹೌದು ಅಂದರೆ, ಅಥವಾ ‘ಗ್ಯಾರಂಟಿ ತೋರಿಸ್ತೀವಿ’ ಅಂದರೆ, ಹೋಗಬೇಡಿ.

ಮಡಿಕೇರಿಯಿಂದ ನಾಪೋಕ್ಲು ಮೇಲೆ ಕಕ್ಕಬ್ಬೆ ಕಡೆ ಹೋದೆವು. ತಡಿಯಂಡಮೋಳ್ ಬೆಟ್ಟ ಇರುವುದು ಇಲ್ಲೇ. ನಾವು ಹತ್ತಲಿಲ್ಲ, ಆ ಮಳೆಯಲ್ಲಿ ಹತ್ತುವುದು ಬೇಡ ಅಂತಲೇ ನನ್ನ ಸಲಹೆ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಹೇಗೆ ಕುಸಿದವು ಅಂತ ನಮಗೆಲ್ಲ ಗೊತ್ತಲ್ವಾ. ಹೊರಡುವ ದಿನ ಬೆಳಿಗ್ಗೆ ಉಳಿಯುವ ಮನೆಯವರಿಗೆ ಫೋನ್ ಮಾಡಿ, ರಸ್ತೆ ಹೇಗಿದೆ ಅಂತ ಕೇಳಿಯೇ ಹೊರಡಿ.

ನಾಪೋಕ್ಲಿನಲ್ಲಿ ಬಸ್ಸು ಬದಲಿಸುವಾಗ ಒಂದು ಸಣ್ಣ ಹೋಟೆಲ್ ಸಿಕ್ಕಿತು. ನಾಲ್ಕೇ ಮೇಜು, ಹೊರಗೆ ಬೋರ್ಡೂ ಇಲ್ಲ. ಒಬ್ಬ ಅಕ್ಕ ಅಡುಗೆ ಮಾಡುತ್ತಾರೆ, ಅವರ ಅತ್ತೆ ಬಡಿಸುತ್ತಾರೆ. ಬಿಸಿಬಿಸಿ ಕಡಂಬುಟ್ಟು, ಅಂದರೆ ಅಕ್ಕಿ ತರಿಯ ಉಂಡೆ, ಜೊತೆಗೆ ಬೈಂಬಳೆ ಕರಿ. ಬೈಂಬಳೆ ಅಂದರೆ ಎಳೆ ಬಿದಿರು, ಮಲೆನಾಡಿನವರ ಕಳಲೆ. ನೀರಲ್ಲಿ ನೆನೆಸಿ, ನೀರು ಬದಲಿಸಿ, ಕಹಿ ತೆಗೆದು ಮಾಡಬೇಕು. ಸರಿಯಾಗಿ ನೆನೆಸದ ಕಳಲೆಯನ್ನು ನಾನು ಬೇರೆ ಕಡೆ ತಿಂದು ಅನುಭವಿಸಿದ್ದೇನೆ. ಇಲ್ಲಿ ಕಹಿಯೇ ಇರಲಿಲ್ಲ, ಹಲ್ಲಿಗೆ ಕರುಂ ಅನ್ನುವ ಹದ ಮಾತ್ರ ಉಳಿದಿತ್ತು. ಎರಡು ಕಡಂಬುಟ್ಟು ತಿಂದ ಮೇಲೆ ಅಜ್ಜಿ ಕೇಳದೇ ಮೂರನೆಯದು ಹಾಕಿದರು, ಅದಕ್ಕೆ ದುಡ್ಡೂ ತೆಗೆದುಕೊಳ್ಳಲಿಲ್ಲ. ಬೆಲ್ಲದ ಕಪ್ಪು ಕಾಫಿ ಸೇರಿ ಇಬ್ಬರಿಗೂ 160 ರೂಪಾಯಿ. ಒದ್ದೆ ಕಾಲುಚೀಲ ನೋಡಿ ಒಲೆ ಹತ್ತಿರ ಕುರ್ಚಿ ಹಾಕಿಕೊಟ್ಟರು. ವಾಪಸ್ ಬರುವಾಗಲೂ ಅಲ್ಲೇ ತಿನ್ನಬೇಕು ಅಂತ ಮಧ್ಯಾಹ್ನದ ಬಸ್ಸೇ ಹಿಡಿದೆವು. ಬಸ್ ನಿಲ್ದಾಣದಲ್ಲಿ ‘ಅತ್ತೆ ಸೊಸೆ ಹೋಟೆಲ್’ ಅಂತ ಕೇಳಿ, ಯಾರಾದರೂ ತೋರಿಸುತ್ತಾರೆ.

ಕಕ್ಕಬ್ಬೆ ಹತ್ತಿರ ನಾವು ಉಳಿದದ್ದು ಕಾಫಿ ತೋಟದ ಒಂದು ಹಳೆಯ ಮನೆಯಲ್ಲಿ. ಮನೆಯ ಅಂಕಲ್‌ಗೆ ಮಡಿಕೇರಿಯ ಕತೆ ಹೇಳಿದೆ. ಅವರು ಹೆಚ್ಚು ಮಾತಾಡಲಿಲ್ಲ. ‘ರಾತ್ರಿ ಎಂಟಕ್ಕೆ ಕೆರೆ ಹತ್ತಿರ ಬನ್ನಿ. ಟಾರ್ಚ್ ಆರಿಸಿ ಕೂರಬೇಕು’ ಅಂದರು.

ತೋಟದ ಕೆರೆ ಮನೆಯಿಂದ ನೂರು ಹೆಜ್ಜೆ. ನಾವು ಹೋದ ತಕ್ಷಣ ಎಲ್ಲ ಸದ್ದೂ ನಿಂತಿತು. ಹತ್ತು ನಿಮಿಷ ಸುಮ್ನೆ ಕೂತೆವು. ಮೊದಲು ಕಾಫಿ ಗಿಡದ ಒಳಗಿಂದ ಒಂದು, ಟ್ರೀಂಕ್, ಟಿಕ್ ಟಿಕ್ ಟಿಕ್. ಆಮೇಲೆ ಅದಕ್ಕೆ ಉತ್ತರ. ಐದು ನಿಮಿಷದಲ್ಲಿ ಸುತ್ತಲೂ ಅದೇ. ಇದು ಹಳದಿ ಪೊದೆಗಪ್ಪೆ, ವಿಜ್ಞಾನಿಗಳು ಇದನ್ನು ಹೊಸ ಜಾತಿ ಅಂತ ಕೊಡಗಿನಿಂದಲೇ ಗುರುತಿಸಿ ಹೆಸರಿಟ್ಟದ್ದು 2003ರಲ್ಲಿ. ಇದರ ಬಳಗದ ಕಪ್ಪೆಗಳಿಗೆ ಗೊದಮೊಟ್ಟೆಯ ಹಂತವೇ ಇಲ್ಲ. ಮೊಟ್ಟೆಯೊಡೆದು ನೇರವಾಗಿ ಪುಟಾಣಿ ಕಪ್ಪೆಯೇ ಹೊರಗೆ ಬರುತ್ತದೆ.

ಹಸಿರು ಕಪ್ಪೆ ಕಂಡದ್ದು ಒಂಬತ್ತೂವರೆಗೆ, ನೀರಿನ ಮೇಲೆ ಬಾಗಿದ ಒಂದು ಗಿಡದಲ್ಲಿ. ಮೂರು ಸೆಂಟಿಮೀಟರ್ ಇರಬಹುದು. ಎಲೆಯದೇ ಬಣ್ಣ, ಪಕ್ಕೆಯ ಉದ್ದಕ್ಕೂ ಹಳದಿ ಗೆರೆ. ಈ ಕಪ್ಪೆಯನ್ನು ಬೌಲೆಂಜರ್ ಎಂಬ ವಿಜ್ಞಾನಿ 1883ರಲ್ಲಿ ಹೆಸರಿಸಿದ್ದರು. ಆಮೇಲೆ ನೂರಕ್ಕೂ ಹೆಚ್ಚು ವರ್ಷ ಅದರ ಸುದ್ದಿ ಇರಲಿಲ್ಲ. 2000ದ ಆಸುಪಾಸಿನಲ್ಲಿ ಕೊಡಗಿನಲ್ಲೇ ಮತ್ತೆ ಸಿಕ್ಕಿತು. ಹೆಣ್ಣು ನೀರಿನ ಮೇಲಿನ ಎಲೆಯಲ್ಲಿ ಮೊಟ್ಟೆಯಿಟ್ಟು, ಎಲೆಯ ಅಂಚುಗಳನ್ನು ಕಾಲಿನಿಂದ ಎಳೆದು ಪೊಟ್ಟಣದ ಹಾಗೆ ಮಡಚುತ್ತದೆ. ಮೊಟ್ಟೆ ಒಡೆದ ಮೇಲೆ ಗೊದಮೊಟ್ಟೆಗಳು ಕೆಳಗಿನ ನೀರಿಗೆ ಬೀಳುತ್ತವೆ. ಅಂಕಲ್ ಅಂಥ ಒಂದು ಮಡಚಿದ ಎಲೆ ತೋರಿಸಿದರು, ಬೆರಳು ತಾಗಿಸದೆ. ಕೆರೆಯ ದಡದ ಕಳೆ ಕೀಳುವುದನ್ನು ಮಳೆಗಾಲ ಮುಗಿಯುವವರೆಗೆ ಅವರು ನಿಲ್ಲಿಸುತ್ತಾರಂತೆ. ದಡವನ್ನು ಸಿಮೆಂಟು ಹಾಕಿ ಬೋಳು ಮಾಡಿದ ತೋಟಗಳಲ್ಲಿ ಈ ಕಪ್ಪೆ ಎಲೆ ಎಲ್ಲಿ ಹುಡುಕಬೇಕು? ಹಾಗಾಗಿ ರೂಮು ನೋಡುವಾಗ ಈಜುಕೊಳದ ಫೋಟೋ ನೋಡಬೇಡಿ. ತೋಟದಲ್ಲಿ ಕೆರೆ ಇದೆಯಾ, ದಡದಲ್ಲಿ ಕಾಡುಗಿಡ ಇದೆಯಾ ಅಂತ ಕೇಳಿ. ಈ ಮನೆಯಲ್ಲಿ ಊಟ ಸೇರಿ ಒಬ್ಬರಿಗೆ ದಿನಕ್ಕೆ 1,800 ರೂಪಾಯಿ, ಕೆರೆಗೆ ಬೇರೆ ದುಡ್ಡಿಲ್ಲ.

ಟಾರ್ಚಿಗೆ ಕೆಂಪು ಜಿಲೆಟಿನ್ ಪೇಪರ್ ಸುತ್ತಿಕೊಂಡು ಹೋಗಿ, ಕಪ್ಪೆಗೆ ತೊಂದರೆ ಕಡಿಮೆ. ಕೊಡೆ ಬೇಡ, ರೇನ್‌ಕೋಟು ಬೇಕು. ಜಿಗಣೆ ಇದ್ದೇ ಇರುತ್ತದೆ. ಮೊಣಕಾಲುದ್ದದ ಜಿಗಣೆ ಸಾಕ್ಸ್ ಹಾಕಿಕೊಂಡರೆ ಸಾಕು, ಉಪ್ಪು ಸುಣ್ಣ ಯಾವುದೂ ಬೇಕಾಗಲಿಲ್ಲ. ಗದ್ದಲ ಬೇಕು ಅನ್ನುವವರು, ನಾಲ್ಕಕ್ಕಿಂತ ಜಾಸ್ತಿ ಜನ ಗುಂಪಾಗಿ ಹೋಗುವವರು ದಯವಿಟ್ಟು ಕೆರೆ ದಡಕ್ಕೆ ಹೋಗಬೇಡಿ.

ದಿನ ಆರಿಸಿಕೊಳ್ಳುವುದಾದರೆ ಆಗಸ್ಟ್ 3ಕ್ಕೆ ನೀವು ಅಲ್ಲಿರುವ ಹಾಗೆ ನೋಡಿ. ಅವತ್ತು ಕಕ್ಕಡ ಹದಿನೆಂಟು, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ. ಕಾಡಿನ ಅಂಚಲ್ಲಿ, ತೋಡಿನ ಪಕ್ಕ ಮದ್ದುಸೊಪ್ಪು ಅಂತ ಒಂದು ಗಿಡ ತಾನಾಗಿ ಬೆಳೆಯುತ್ತದೆ. ಅವತ್ತು ಅದರಲ್ಲಿ ಹದಿನೆಂಟು ಔಷಧಿ ಸೇರಿರುತ್ತದೆ ಅನ್ನುವುದು ಕೊಡಗಿನ ನಂಬಿಕೆ. ಎಲೆ ದಂಟು ಕುದಿಸಿದರೆ ನೀರು ಗಾಢ ನೇರಳೆಯಾಗುತ್ತದೆ. ಅದರಲ್ಲಿ ಪಾಯಸ, ಪುಟ್ಟು ಮಾಡಿ ತುಪ್ಪ, ಜೇನು ಹಾಕಿ ತಿನ್ನುತ್ತಾರೆ. ಮರುದಿನ ಮೂತ್ರ ಕೆಂಪಗೆ ಹೋಗುತ್ತದೆ, ಗಾಬರಿಯಾಗಬೇಡಿ.

2ನೇ ತಾರೀಕು ಸಂಜೆ ಮನೆಯ ಆಂಟಿ ಕತ್ತಿ ಹಿಡಿದು ಮದ್ದುಸೊಪ್ಪು ಕೊಯ್ಯಲು ಹೊರಟಾಗ ನಾನೂ ಹೋದೆ. ಕೆರೆಗೆ ನೀರು ಬರುವ ತೋಡಿನ ಪಕ್ಕ ಗಿಡಗಳು ಸೊಂಟದೆತ್ತರ ಬೆಳೆದಿದ್ದವು. ಆಂಟಿ ಒಂದು ದಂಟು ಬಗ್ಗಿಸಿದವರು ಹಾಗೇ ನಿಂತರು. ಎಲೆಯ ಬುಡದಲ್ಲಿ ಅದೇ ಹಸಿರು ಕಪ್ಪೆ, ಕಾಲು ಮಡಚಿ ಹೊಟ್ಟೆ ಅಂಟಿಸಿಕೊಂಡು ಮಲಗಿತ್ತು. ಆಂಟಿ ಮೆಲ್ಲಗೆ ದಂಟು ಬಿಟ್ಟು, ‘ಇವ ಇದ್ದಾನೆ ಇಲ್ಲಿ, ಆ ಕಡೆದು ಕೊಯ್ಯುವ’ ಅಂದರು.