ಮಳೆ ಬಂದ ಮೇಲೂ ತೆಂಗಿನ ಮರ ಯಾಕೆ ಸಾಯುತ್ತೆ?

ತಿಪಟೂರು, ಅರಸೀಕೆರೆ, ಚಿಕ್ಕನಾಯಕನಹಳ್ಳಿ ಕಡೆಯವರು ಸಿಕ್ಕಾಗಲೆಲ್ಲ ನನ್ನನ್ನು ಕೇಳುವುದು ಇದನ್ನೇ. "ಬರದಲ್ಲಿ ಹೇಗೋ ಜೀವ ಹಿಡ್ಕೊಂಡಿತ್ತು. ಈಗ ಮಳೆ ಆಗಿದೆ, ಕೆರೆಗೆ ನೀರು ಬಂದಿದೆ. ಈಗ ಯಾಕೆ ಸುಳಿ ಬೀಳ್ತಿದೆ?" ಬೆಂಗಳೂರಿನವರು ಕೇಳುವುದು ಬೇರೆ: ಎಳನೀರು ಯಾಕಿಷ್ಟು ದುಬಾರಿ? ಎರಡರ ಬೇರೂ ಒಂದೇ ಕಡೆ ಇದೆ. ತೆಂಗು ಬರದ ಲೆಕ್ಕವನ್ನು ತಡವಾಗಿ ಚುಕ್ತಾ ಮಾಡುವ ಮರ.

ಮೊದಲು ಕಾಯಿಯ ವಿಷಯ ನೋಡೋಣ. ಹೊಂಬಾಳೆ, ಅಂದರೆ ತೆಂಗಿನ ಹೂಗೊಂಚಲು, ಒಡೆದು ಹೊರಗೆ ಕಾಣುವ ಹೊತ್ತಿಗೆ ಅದು ಮರದ ತುದಿಯ ಸುಳಿಯೊಳಗೆ ಹುಟ್ಟಿ ಸುಮಾರು 32 ತಿಂಗಳಾಗಿರುತ್ತದೆ. ಅಲ್ಲಿಂದ ಕಾಯಿ ಬಲಿಯಲು ಇನ್ನೂ 11–12 ತಿಂಗಳು ಬೇಕು. ಅಂದರೆ ಒಂದು ಕಾಯಿಯ ಹಿಂದೆ ಹೆಚ್ಚುಕಡಿಮೆ ನಾಲ್ಕು ವರ್ಷದ ಹವಾಮಾನ ಇದೆ. 2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆ ಆಯ್ತಲ್ಲ, ಆಗ ಮರದ ಮೇಲಿದ್ದ ಹರಳು (ಎಳೆಯ ಕಾಯಿ) ಉದುರಿದ್ದು ಎಲ್ಲರ ಕಣ್ಣಿಗೂ ಬಿತ್ತು. ಆಗ ಸುಳಿಯೊಳಗೆ ಇನ್ನೂ ಮೊಳಕೆಯಾಗಿದ್ದ ಹೊಂಬಾಳೆಗೆ ಬಿದ್ದ ಪೆಟ್ಟು ಯಾರಿಗೂ ಕಾಣಲಿಲ್ಲ. ಅದು ಹೊರಗೆ ಬರುವುದು 2026ರಲ್ಲಿ. ಮಧ್ಯೆ ಎಷ್ಟೇ ಮಳೆ ಬಂದರೂ ಆ ಪೆಟ್ಟು ಪೂರ್ತಿ ಮಾಯುವುದಿಲ್ಲ. ಕಾಯಿ ಕಮ್ಮಿಯಾದರೆ ಎಳನೀರು ದುಬಾರಿಯಾಗುತ್ತದೆ.

ಇನ್ನು ಮರವೇ ಸಾಯುವ ಮಾತು. ಹುಣಸೆ, ಬೇವು, ಹೊಂಗೆ ತೊಗಟೆಯ ಕೆಳಗೆ ಕಟ್ಟಿಗೆಯ ಹೊಸ ಪದರ ಕಟ್ಟುತ್ತಾ ದಪ್ಪವಾಗುತ್ತವೆ. ನೀರು ಏರುವ ನಾಳಗಳಲ್ಲಿ ಗಾಳಿಗುಳ್ಳೆ ಸೇರಿ ಕೆಲವು ಕೆಟ್ಟರೂ ಮುಂದಿನ ಮಳೆಗೆ ಹೊಸ ನಾಳ ತಯಾರು. ತೆಂಗಿಗೆ ಆ ಭಾಗ್ಯ ಇಲ್ಲ. ಬುಡದಲ್ಲಿ ಅದು ಗಿಡವಾಗಿದ್ದಾಗ ಕಟ್ಟಿಕೊಂಡ ನಾಳಗಳೇ ಕೊನೆತನಕ ನೀರು ಸಾಗಿಸಬೇಕು. ಕೊಂಬೆ ಇಲ್ಲ, ಬೆಳೆಯುವ ಮೊಗ್ಗು ಇರುವುದು ಒಂದೇ, ಸುಳಿಯಲ್ಲಿ. ತಾಯಿಬೇರೂ ಇಲ್ಲ. ಬುಡದಿಂದ ಹೊರಡುವ ಸಾವಿರಾರು ಬೇರುಗಳಲ್ಲಿ ಹೆಚ್ಚಿನವು ಮೇಲಿನ ಒಂದೂವರೆ ಮೀಟರ್ ಮಣ್ಣಿನಲ್ಲೇ ಹರಡಿಕೊಂಡಿರುತ್ತವೆ. ಬೇಸಿಗೆಯಲ್ಲಿ ಮೊದಲು ಒಣಗುವುದೂ ಆ ಮಣ್ಣೇ.

ತೋಟಕ್ಕೆ ಹೋದರೆ ಹಳೆಯ ಮರದ ಕಾಂಡವನ್ನು ಬುಡದಿಂದ ಮೇಲಕ್ಕೆ ಒಮ್ಮೆ ನೋಡಿ. ಒಂದೊಂದು ಕಡೆ ಸೊಂಟ ಬಿಗಿದಂತೆ ಸಣ್ಣಗಾಗಿ, ಮೇಲೆ ಮತ್ತೆ ದಪ್ಪಗಾಗಿರುತ್ತದೆ. ಅಲ್ಲಿ ಮಟ್ಟೆ ಉದುರಿದ ಗುರುತುಗಳೂ ಒತ್ತೊತ್ತಾಗಿರುತ್ತವೆ. ಅದು ಮರ ಸೊರಗಿದ ಕಾಲ. ನೀರೋ ಗೊಬ್ಬರವೋ ಸಾಲದೆ ಹೋಗಿರುತ್ತದೆ. ಆಮೇಲೆ ಎಷ್ಟೇ ಆರೈಕೆ ಮಾಡಿದರೂ ಆ ಜಾಗ ಮಾತ್ರ ದಪ್ಪ ಆಗುವುದಿಲ್ಲ.

ಬರದಲ್ಲಿ ಬೇರು ಸತ್ತು, ಕೂಡಿಟ್ಟ ಶಕ್ತಿ ಕರಗಿ ನಿಂತ ಮರಕ್ಕೆ ಮಳೆ ಬಂದ ಮೇಲೆ ಬೇರೆಯವರ ಕಾಟ ಶುರು. ನಮ್ಮ ಕಡೆ ಬುಡ ಕೊಳೆಸುವ ಅಣಬೆ ರೋಗ, ಕಾಂಡದಲ್ಲಿ ರಸ ಸೋರುವ ರೋಗ, ಕೆಂಪು ಮೂತಿ ಹುಳು. 'ರೋಗ ಬಂದು ಹೋಯ್ತು' ಅನ್ನುತ್ತೇವೆ. ನನ್ನ ಲೆಕ್ಕದಲ್ಲಿ ಇಂಥ ಸಾವುಗಳಲ್ಲಿ ಎಷ್ಟೋ ಬರದ ಖಾತೆಗೇ ಸೇರಬೇಕು.

ಬಿಸಿಲಿನ ಪಾಲೂ ಕಮ್ಮಿ ಇಲ್ಲ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಜಾಸ್ತಿ ನೀರಾವಿ ಹಿಡಿಯಬಲ್ಲದು. ನಮ್ಮಂಥ ಒಣಸೀಮೆಯಲ್ಲಿ ಆ ನೀರನ್ನು ಅದು ಎಳೆಯುವುದು ಮಣ್ಣಿನಿಂದ, ಎಲೆಯಿಂದ. ಹಾಗಾಗಿ ಅಷ್ಟೇ ಮಳೆ ಬಿದ್ದರೂ ಬರ ಮೊದಲಿಗಿಂತ ಗಟ್ಟಿಯಾಗುತ್ತದೆ. ಗರಿ ತನ್ನ ರಂಧ್ರ ಮುಚ್ಚಿಕೊಂಡರೆ ನೀರು ಉಳಿಯುತ್ತದೆ, ಆದರೆ ಊಟ ನಿಲ್ಲುತ್ತದೆ. ತೆರೆದರೆ ಊಟ ಸಿಗುತ್ತದೆ, ನೀರು ಹೋಗುತ್ತದೆ.

"ಹಂಗಾದ್ರೆ ತೆಂಗು ಇಲ್ಲಿಗೆ ಬಂದಿದ್ದೇ ತಪ್ಪಾ?" ಅಂತಲೂ ಕೇಳುತ್ತಾರೆ. ಹಾಗೇನಿಲ್ಲ. ಕರಾವಳಿಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಜಾಸ್ತಿ ಮಳೆ, ನಮ್ಮಲ್ಲಿ 600–700. ಆದರೂ ಇಲ್ಲಿ ತೆಂಗು ತಲೆಮಾರುಗಳಿಂದ ಬಾಳಿದೆ, ಕೆರೆಯ ಹಿಂದೆ, ಹಳ್ಳದ ಬದಿಯಲ್ಲಿ, ತಂಪು ಆರದ ಜಾಗ ನೋಡಿಕೊಂಡು. ಆಮೇಲೆ ಬೋರ್‌ವೆಲ್ ನಂಬಿ ಅದನ್ನು ದಿಣ್ಣೆಯ ಮೇಲಿನ ರಾಗಿ ಹೊಲಕ್ಕೂ ಹತ್ತಿಸಿದೆವು. ಬೋರ್ ಬತ್ತಿದಾಗ ಮೊದಲು ಹೋದದ್ದು ಆ ದಿಣ್ಣೆಯ ಮರಗಳೇ ಅಲ್ವಾ? ಒಂದು ಮರ ಎಲ್ಲಿಯವರೆಗೆ ಬದುಕುತ್ತದೆ ಅನ್ನುವ ಗೆರೆಯನ್ನು ಸರಾಸರಿ ಮಳೆ ಎಳೆಯುವುದಿಲ್ಲ, ಕೆಟ್ಟ ವರ್ಷ ಎಳೆಯುತ್ತದೆ. ಮರ ಎದ್ದು ಇನ್ನೊಂದು ಕಡೆ ಹೋಗುವುದಿಲ್ಲ. ಒಂದು ಕಡೆ ಸಾಯುತ್ತದೆ, ಆ ಜಾಗದಲ್ಲಿ ಸಸಿ ಹಿಡಿಯುವುದಿಲ್ಲ. ಗೆರೆ ಸರಿಯುವುದು ಹೀಗೆ. ಕಾಡಿನಲ್ಲೂ ಅಷ್ಟೇ.

ಸತ್ತ ಜಾಗದಲ್ಲಿ ಮತ್ತೆ ತೆಂಗೇ ಇಡಬೇಕಾ? ತಗ್ಗಿನ ತೋಟವಾದರೆ ಧಾರಾಳವಾಗಿ ಇಡಿ. ಪಾತಿಗೆ ಕೆರೆಗೋಡು (ಕೆರೆಯ ಹೂಳು) ಹಾಕಿ, ಸಾಲಿನ ಮಧ್ಯೆ ಗುಂಡಿ ತೆಗೆದು ಕಾಯಿ ಸಿಪ್ಪೆಯನ್ನು ಗುಳಿ ಇರುವ ಬದಿ ಮೇಲಾಗಿ ಜೋಡಿಸಿ ಮುಚ್ಚಿ, ಗರಿಗಳನ್ನು ಸುಡದೆ ಬುಡಕ್ಕೇ ಹರಡಿ. ದಿಣ್ಣೆಯ ಮೇಲೆ ಬರೀ ಬೋರ್ ನಂಬಿಕೊಂಡಿದ್ದರೆ ನಾನಂತೂ ಬೇಡ ಅನ್ನುತ್ತೇನೆ. ಅಲ್ಲಿಗೆ ಹುಣಸೆ, ಹೊಂಗೆ ಸಾಕು. ಕೊಬ್ಬರಿ ರೇಟು ಏರಿದ ವರ್ಷ ಈ ಮಾತು ಯಾರೂ ಕೇಳುವುದಿಲ್ಲ, ಅದು ಬೇರೆ ವಿಷಯ.